ಕೊಪ್ಪರಿಗೆ ಮದುವೆಗೆ ಹೋಗಿದೆ

ಮ್ಯೂಸಿಯಂ ಎಂದರೆ ಸದ್ದುಗದ್ದಲವಿಲ್ಲದ ಜಾಗ, ಅಲ್ಲಿರುವುದೆಲ್ಲ ಸತ್ತವರ ಸಾಮಾನು, ಸತ್ತವರು ಬಂದು ಜಗಳ ಆಡುವುದಿಲ್ಲ ಎಂದು ನಂಬಿ ನಾನು ಈ ಕೆಲಸಕ್ಕೆ ಸೇರಿದೆ. ಸತ್ತವರು ಇವತ್ತಿನವರೆಗೂ ಬಂದಿಲ್ಲ, ನಿಜ. ಬದುಕಿರುವವರೇ ಸಾಕಾಗಿದ್ದಾರೆ. ಒಂದು ತಮಾಷೆ ಮುಗಿಯಿತು ಎಂದು ಕುರ್ಚಿಯಲ್ಲಿ ಕೂತು ಕಾಫಿ ಲೋಟ ಎತ್ತುವಷ್ಟರಲ್ಲಿ ಇನ್ನೊಂದು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿರುತ್ತದೆ.

ನಮ್ಮದು ಮುಳಬಾಗಿಲಿನ ಅಂಚಿನಲ್ಲಿ, ತಿರುಪತಿಗೆ ಹೋಗುವ ಹೆದ್ದಾರಿಯ ಪಕ್ಕ ಇರುವ ಸಣ್ಣ ಮ್ಯೂಸಿಯಂ. ಬೆಂಗಳೂರಿನ ಒಂದು ಟ್ರಸ್ಟ್ ಇದನ್ನು ನಡೆಸುತ್ತದೆ. ಕಟ್ಟಡ ಹಿಂದೆ ರೇಷನ್ ಗೋಡೌನ್ ಆಗಿತ್ತು. ಮಳೆ ಬಂದ ದಿನ ಗೋಡೆಗಳಿಂದ ಈಗಲೂ ರಾಗಿ ವಾಸನೆ ಬರುತ್ತದೆ. ಒಳಗೆ ಕೆರೆ ಏರಿಗಳಿಂದ ಬಂದ ವೀರಗಲ್ಲುಗಳಿವೆ, ಒಂದು ಶಾಸನ ಇದೆ, ಬಿತ್ತುವ ಕೂರಿಗೆ, ಮಾಲೂರಿನ ಹಳೇ ಹೆಂಚು, ಚಿನ್ನದ ಗಣಿಗೆ ಹಿಡಿದು ಇಳಿಯುತ್ತಿದ್ದ ದೀಪ ಎಲ್ಲ ಇವೆ. ನಡುವೆ ಒಂದು ಕಟ್ಟೆಯ ಮೇಲೆ ದೊಡ್ಡ ತಾಮ್ರದ ಕೊಪ್ಪರಿಗೆ ಇದೆ. ಇದೆ ಎಂದರೆ, ಕೆಲವು ದಿನ ಇರುತ್ತದೆ. ಅದರ ಕಥೆ ಆಮೇಲೆ ಹೇಳುತ್ತೇನೆ.

ಸಿಬ್ಬಂದಿ ಎಂದರೆ ಇಬ್ಬರೇ. ಸುಗಟೂರಿನಿಂದ ಕೋಲಾರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬರುವ ಮೇಲ್ವಿಚಾರಕಿ ನಾನು. ಆಂಧ್ರದ ಗಡಿಯ ರಾಯಲ್ಪಾಡಿನಿಂದ ಬಂದ ವಾಚ್‌ಮನ್ ಅಣ್ಣ ಇನ್ನೊಬ್ಬರು. ಅವರಿಗೆ ಸಿಟ್ಟು ಬಂದರೆ ತೆಲುಗು, ರಜೆ ಕೇಳುವಾಗ ಕನ್ನಡ.

ಹೀಗೆ ನೆಮ್ಮದಿಯಾಗಿದ್ದ ನಮ್ಮ ಮೇಲೆ ಟ್ರಸ್ಟಿನವರು ಒಬ್ಬ ಸಲಹೆಗಾರರನ್ನು ಬಿಟ್ಟರು. ಹೊರದೇಶದಲ್ಲಿ ಮ್ಯೂಸಿಯಂ ವಿಷಯವನ್ನೇ ಓದಿ ಬಂದ ಯುವಕ. ಬೂಟು ಹಾಕಿದ್ದರು, ಸಾಕ್ಸ್ ಹಾಕಿರಲಿಲ್ಲ. ವಾಚ್‌ಮನ್ ಅಣ್ಣನಿಗೆ ಅದನ್ನು ನೋಡಿ ಪಾಪ ಅನ್ನಿಸಿತು.

"ಈಗಿನ ಮ್ಯೂಸಿಯಂ ಬರೀ ಸಾಮಾನು ಇಡೋ ಜಾಗ ಅಲ್ಲ ಮೇಡಂ," ಎಂದರು ಸಲಹೆಗಾರರು. "ಬೇರೆ ಬೇರೆ ಸಂಸ್ಕೃತಿಯವರು ಇಲ್ಲಿ ಬಂದು ಸಂವಾದ ಮಾಡ್ಬೇಕು. ದೇಶ ಅಂದ್ರೇನು, ಅದರಲ್ಲಿ ನಾವು ಯಾರು, ಈ ಪ್ರಶ್ನೆ ಅವರಲ್ಲಿ ಹುಟ್ಟಬೇಕು."

"ಹುಟ್ಟದೆ ಇದ್ರೆ?"

"ಬೆಂಗಳೂರಲ್ಲಿ ಟ್ರಸ್ಟಿನ ಹೊಸ ಕಟ್ಟಡ ಎದ್ದಿದೆ. ಸಾಮಾನೆಲ್ಲ ಅಲ್ಲಿಗೆ ಹೋಗುತ್ತೆ. ಇದನ್ನ ಮುಚ್ತಾರೆ. ಈ ಬೇಸಿಗೆಯಲ್ಲಿ ಸಮಿತಿ ಬಂದು ತೀರ್ಮಾನ ಮಾಡುತ್ತೆ."

ಕೆಲಸ ಹೋಗುತ್ತದೆ ಎಂಬ ಭಯ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ನಮ್ಮ ಕೆರೆಯ ಕಲ್ಲು, ನಮ್ಮ ಹೊಲದ ಕೂರಿಗೆ, ಇವನ್ನೆಲ್ಲ ಬೆಂಗಳೂರಿನ ಎಸಿ ಕೋಣೆಯಲ್ಲಿ ಇಟ್ಟು, ನಾವೇ ಟಿಕೆಟ್ ತಗೊಂಡು ನೋಡಬೇಕಂತೆ. ಹೇಗಾದರೂ ಮಾಡಿ ಇಲ್ಲಿ ಸಂವಾದ ನಡೆಸಿಯೇ ತೀರಬೇಕು ಎಂದು ತೀರ್ಮಾನಿಸಿದೆ.

೧. ಜನಸಾಗರ

ಮಾರನೇ ದಿನ ಬೆಳಿಗ್ಗೆ ಸಲಹೆಗಾರರು ಬರುವಷ್ಟರಲ್ಲಿ ನಮ್ಮ ಬಾಗಿಲ ಮುಂದೆ ಹೆಂಗಸರು ಗಂಡಸರು ಸಾಲಾಗಿ ನಿಂತಿದ್ದರು. ನೋಡಿ ಸಲಹೆಗಾರರ ಮುಖ ಅರಳಿತು.

"ಇಷ್ಟು ಜನ ದಿನಾ ಬರ್ತಾರಾ?"

"ತಿಂಗಳ ಮೊದಲ ವಾರ ಬರ್ತಾರೆ," ಎಂದೆ. ಅದು ಸುಳ್ಳಲ್ಲ. ರೇಷನ್ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಕ್ಕೆ ಹೋಗಿ ಎಷ್ಟೋ ಕಾಲವಾದರೂ ಹಳ್ಳಿಗಳಿಂದ ಬರುವವರ ಕಾಲು ಇಲ್ಲಿಗೇ ಬರುತ್ತದೆ.

ಸಲಹೆಗಾರರು ಮುಂದೆ ಹೋಗಿ, ಸಾಲಿನ ಮೊದಲಿಗಿದ್ದ ಹೆಂಗಸಿಗೆ ಕೈ ಮುಗಿದು, "ನಿಮಗೆ ಇಲ್ಲಿಂದ ಏನು ಸಿಗಬೇಕು ಅಂತ ಆಸೆ ಇದೆಯಮ್ಮ?" ಎಂದು ಕೇಳಿದರು.

"ಅಕ್ಕಿ ಸಿಕ್ರೆ ಅಕ್ಕಿ. ಇಲ್ದಿದ್ರೆ ರಾಗೀನೇ ಕೊಡಿ," ಎಂದು ಆಕೆ ಚೀಲ ಬಿಚ್ಚಿ, ಹೆಬ್ಬೆಟ್ಟು ಮುಂದೆ ಚಾಚಿದಳು. "ಎಲ್ಲಿ ಒತ್ಬೇಕು?"

ವಿಷಯ ತಿಳಿದ ಮೇಲೆ ಸಾಲು ಕರಗಿತು. ಆಕೆ ಮಾತ್ರ ಬಂದಿದ್ದೀನಲ್ಲ ಎಂದು ಒಳಗೆ ಬಂದಳು. ವೀರಗಲ್ಲು ನೋಡಲಿಲ್ಲ, ಶಾಸನ ನೋಡಲಿಲ್ಲ. ನೇರವಾಗಿ ಮೂಲೆಯಲ್ಲಿದ್ದ ನಮ್ಮ ಹಳೇ ಮಣ್ಣಿನ ಕಣಜದ ಹತ್ತಿರ ಹೋಗಿ, ಮುಚ್ಚಳ ಎತ್ತಿ, ತಲೆ ಒಳಗೆ ಹಾಕಿ ನೋಡಿದಳು.

"ಸ್ಟಾಕ್ ಇಲ್ಲ ಅಂತ ಅವತ್ತು ಸುಳ್ಳು ಹೇಳ್ತಿದ್ರು ಅಂದ್ಕೊಂಡಿದ್ದೆ," ಎಂದಳು ವಾಚ್‌ಮನ್ ಅಣ್ಣನಿಗೆ. "ಪಾಪ, ನಿಜವಾಗ್ಲೂ ಖಾಲಿ."

೨. ಪೂಜೆ ಮಾಡಬಾರದು

ವೀರಗಲ್ಲುಗಳದ್ದು ಇನ್ನೊಂದು ಗೋಳು. ದನ ಕಾಯಲು ಹೋಗಿ, ಕಳ್ಳರ ಜೊತೆ ಹೊಡೆದಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು ಅವು. ಬಂದವರು ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಕುಂಕುಮ ಹಚ್ಚುತ್ತಾರೆ, ಧೈರ್ಯ ಇದ್ದವರು ತೆಂಗಿನಕಾಯಿ ಒಡೆಯುತ್ತಾರೆ. ಬೇಡ ಎಂದು ಹೇಳಬೇಕಾದ ವಾಚ್‌ಮನ್ ಅಣ್ಣ ಕಾಯಿಹೋಳಿಗಾಗಿ ಕಾಯುತ್ತಾ ನಿಂತಿರುತ್ತಾರೆ.

ಸಲಹೆಗಾರರಿಗೆ ಇದು ಸರಿ ಬರಲಿಲ್ಲ. "ಇಲ್ಲಿ ಎಲ್ಲ ಧರ್ಮದವರೂ ಬರ್ತಾರೆ ಮೇಡಂ. ಇದು ದೇವಸ್ಥಾನ ಅಲ್ಲ, ಎಲ್ಲರ ಜಾಗ ಅಂತ ಕಾಣ್ಬೇಕು," ಎಂದು ಬೆಂಗಳೂರಿನಿಂದ ಒಂದು ಚೆಂದದ ಬೋರ್ಡು ಮಾಡಿಸಿ ತಂದರು. ಕಪ್ಪು ಗ್ರಾನೈಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ: 'ಇಲ್ಲಿ ಪೂಜೆ ಮಾಡಬಾರದು.' ಅದನ್ನು ವೀರಗಲ್ಲುಗಳ ಸಾಲಿನ ಮುಂದೆ ನೆಟ್ಟಗೆ ನಿಲ್ಲಿಸಿದರು.

ಮಾರನೇ ದಿನ ಶುಕ್ರವಾರ. ಮಧ್ಯಾಹ್ನ ಹೋಗಿ ನೋಡಿದರೆ ವೀರಗಲ್ಲುಗಳ ಮೇಲೆ ಒಂದು ಚುಕ್ಕೆ ಕುಂಕುಮ ಇರಲಿಲ್ಲ. ನನಗೆ ಆಶ್ಚರ್ಯವಾಯಿತು. ಸಲಹೆಗಾರರು ಗೆದ್ದವರ ಹಾಗೆ ನಕ್ಕರು. ಆಮೇಲೆ ಬೋರ್ಡಿನ ಕಡೆ ನೋಡಿದೆವು.

ಅರಿಶಿನ ಬಳಿದು, ಮೂರು ಕಡೆ ಕುಂಕುಮ ಇಟ್ಟು, ಮೇಲೆ ಕನಕಾಂಬರದ ಮಾಲೆ ಹಾಕಿದ್ದರು. ಬಿಡಿಸಿ ಕೇಳಿದಾಗ ವಾಚ್‌ಮನ್ ಅಣ್ಣ, "ಹೊಸ ಕಲ್ಲು ಮೇಡಂ. ಎಲ್ಲದಕ್ಕಿಂತ ಮುಂದೆ ಬೇರೆ ನಿಂತಿದೆ. ದೊಡ್ಡೋರು ಅಂದ್ಕೊಂಡ್ರು," ಎಂದರು.

೩. ಇದು ನಮ್ದು, ಇದಿ ಮಾದಿ

ಶಾಸನದ ಕಲ್ಲಿನ ಮೇಲೆ ಅಕ್ಷರಗಳು ದುಂಡಗಿವೆ. ನಮ್ಮ ಕಡೆ ದುಂಡಗಿನ ಅಕ್ಷರ ಕಂಡರೆ ಇಬ್ಬರಿಗೆ ಹಕ್ಕು ಬರುತ್ತದೆ. ಅವತ್ತು ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರು ಕೆಲವರು, ಕೋಲಾರದ ಕನ್ನಡ ಅಭಿಮಾನಿಗಳು ಕೆಲವರು ಒಟ್ಟಿಗೇ ಬಂದಿದ್ದರು.

"ನೋಡಿ, ನಮ್ಮ ಕನ್ನಡ ಎಷ್ಟು ಹಳೇದು," ಎಂದರು ಕೋಲಾರದವರು.

"ಇದಿ ಮಾದಿ ಸ್ವಾಮಿ," ಎಂದರು ತೋಟದವರು. "ತೆಲುಗು ಇದು. ನಮ್ದು."

"ಎಲ್ಲಿ, ಓದಿ ನೋಡೋಣ."

"ನೀವು ಓದಿ ಮೊದಲು."

ಇಬ್ಬರಿಗೂ ಒಂದಕ್ಷರ ಬರಲಿಲ್ಲ. ಅದರಿಂದ ಮಾತಿನ ಬಿಸಿ ಇನ್ನೂ ಏರಿತು. ತಮಾಷೆ ಎಂದರೆ, ಮನೆಯಲ್ಲಿ ಇಬ್ಬರೂ ಎರಡೂ ಭಾಷೆ ಆಡುವವರೇ. ಕನ್ನಡ ಅಭಿಮಾನಿಗಳ ಮುಖಂಡರು ಉದ್ವೇಗದಲ್ಲಿ ಪೂರ್ತಿ ತೆಲುಗಿನಲ್ಲೇ ಕನ್ನಡದ ಪರವಾಗಿ ವಾದ ಮಾಡುತ್ತಿದ್ದರು. ಸಲಹೆಗಾರರು ಪಕ್ಕದಲ್ಲಿ ನಿಂತು, "ಸಂವಾದ ಶುರುವಾಯ್ತು ಮೇಡಂ, ನಡುವೆ ಹೋಗ್ಬೇಡಿ," ಎಂದು ನನ್ನ ಕೈ ಹಿಡಿದರು. ಸಂವಾದ ಕೊರಳಪಟ್ಟಿ ಹಿಡಿಯುವ ಹಂತಕ್ಕೆ ಬಂದಾಗ ಮಾತ್ರ ಬಿಟ್ಟರು.

"ಜಗಳ ಬೇಡ," ಎಂದೆ. "ಇದು ತಮಿಳು. ಚೋಳರ ಕಾಲದ್ದು. ಕೆರೆ ನೀರು ಯಾರಿಗೆ ಎಷ್ಟು ಅಂತ ಬರ್ದಿದೆ."

ಎರಡೂ ಕಡೆಯವರು ಒಂದೇ ಕಡೆ ಸೇರಿ ನನ್ನನ್ನು ನೋಡಿದರು.

"ನೀವು ಸರಿಯಾಗಿ ಓದಿಲ್ಲ ಬಿಡಿ," ಎಂದರು ಇಬ್ಬರೂ.

ಜೊತೆಯಾಗಿಯೇ ಹೊರಗೆ ಹೋಗಿ ದೋಸೆ ತಿಂದರಂತೆ. ನಾನು ಆಸೆಯಿಂದ ಗಣಿ ಊರಿನ ಕಡೆಯ ಒಬ್ಬ ತಮಿಳು ಮೇಷ್ಟ್ರನ್ನು ಕರೆಸಿ ಕಲ್ಲು ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ, "ಇದು ಕನ್ನಡ ಥರ ಇದೆಯಲ್ಲಮ್ಮ," ಎಂದರು. ಈಗ ಆ ಕಲ್ಲಿಗೆ ವಾರಸುದಾರರಿಲ್ಲ. ವಾಚ್‌ಮನ್ ಅಣ್ಣ ಅದರ ಹಿಂದೆ ತಮ್ಮ ಊಟದ ಡಬ್ಬಿ ಇಡುತ್ತಾರೆ.

೪. ನೀವು ಯಾರು?

ಸಲಹೆಗಾರರಿಗೆ ಸೋಲು ಗೊತ್ತಿಲ್ಲ. ಈ ಸಲ ಆಳೆತ್ತರದ ಒಂದು ನಿಲುವುಗನ್ನಡಿ ಬಂತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ನೀವು ಯಾರು?' ಎಂದು ಬರೆಸಿದ್ದರು. ಜನ ಅದರ ಮುಂದೆ ನಿಂತು, ನಾನು ಕನ್ನಡದವನಾ, ತೆಲುಗಿನವನಾ, ಭಾರತೀಯ ಅಂದರೆ ಏನು ಎಂದೆಲ್ಲ ಯೋಚನೆ ಮಾಡಬೇಕು ಎಂಬುದು ಯೋಜನೆ.

ಜನ ನಿಂತರು. ನಮ್ಮ ಮ್ಯೂಸಿಯಮ್ಮಿನಲ್ಲಿ ಅಷ್ಟು ಹೊತ್ತು ಯಾವುದರ ಮುಂದೆಯೂ ಯಾರೂ ನಿಂತಿರಲಿಲ್ಲ. ಹೆಂಗಸರು ಸೆರಗು ಸರಿ ಮಾಡಿಕೊಂಡರು, ಹುಡುಗರು ಕ್ರಾಪು ತಿದ್ದಿಕೊಂಡರು. ವಾಚ್‌ಮನ್ ಅಣ್ಣ ಪಕ್ಕದಲ್ಲಿ ದಾರ ಕಟ್ಟಿ ಒಂದು ಬಾಚಣಿಗೆ ನೇತುಹಾಕಿದರು. ರಾಯಲ್ಪಾಡಿನಿಂದ ಬಂದ ಅವರ ದೊಡ್ಡಪ್ಪನೊಬ್ಬರು ಪ್ರಶ್ನೆ ಓದಿಸಿಕೊಂಡು, ಕೈಕಟ್ಟಿ ನಿಂತು, ತಮ್ಮ ಹೆಸರು, ತಂದೆ ಹೆಸರು, ಊರು, ಕುಲ, ಜಮೀನಿನ ಮೇರೆ, ಎಲ್ಲ ಜೋರಾಗಿ ಕನ್ನಡಿಗೆ ಹೇಳಿದರು. ಹೇಳಿ ಸ್ವಲ್ಪ ಹೊತ್ತು ಕಾದು, "ಮುಂದಿನ ಪ್ರಶ್ನೆ ಯಾವಾಗ ಕೇಳ್ತಾರೆ?" ಎಂದರು.

ಸಲಹೆಗಾರರಿಗೆ ಬೇಕಾಗಿದ್ದ ಉತ್ತರ ಒಂದು ಭಾನುವಾರ ಬಂತು. ತಿರುಪತಿಯಿಂದ ವಾಪಸ್ ಹೋಗುತ್ತಿದ್ದ ಒಂದು ಕುಟುಂಬ ಶೌಚಾಲಯ ಹುಡುಕಿಕೊಂಡು ನಮ್ಮಲ್ಲಿಗೆ ನುಗ್ಗಿತು. ಗಂಡ, ಹೆಂಡತಿ, ಅತ್ತೆ, ಮಾವ, ಎಲ್ಲರೂ ಅವತ್ತೇ ಮುಡಿ ಕೊಟ್ಟವರು. ತಲೆ ಮೇಲೆ ಗಂಧ. ಗಂಡ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವರು ಕನ್ನಡಿ ಎದುರಿಗೆ ಸಿಕ್ಕಿಬಿದ್ದರು. ಮೇಲಿನ ಅಕ್ಷರ ಓದಿದರು. ಕೆಳಗೆ ನೋಡಿದರು. ನುಣ್ಣಗಿನ ತಲೆ ಸವರಿಕೊಂಡರು.

"ಏನನ್ನಿಸುತ್ತೆ ಸಾರ್?" ಎಂದು ಸಲಹೆಗಾರರು ಉಸಿರು ಬಿಗಿಹಿಡಿದು ಕೇಳಿದರು.

"ಬೆಳಿಗ್ಗೆ ತನಕ ಗೊತ್ತಿತ್ತು," ಎಂದರು ಆ ಮನುಷ್ಯ.

೫. ಎಲ್ಲರ ಸ್ವತ್ತು

ಈಗ ಕೊಪ್ಪರಿಗೆಗೆ ಬರುತ್ತೇನೆ. ಅದನ್ನು ಕೊಟ್ಟವರು ದೇವರಾಯಸಮುದ್ರದ ಒಬ್ಬ ಅಜ್ಜಿ. ಹಳೇ ಮನೆ ಕೆಡವಿ ಹೊಸದು ಕಟ್ಟಿದಾಗ ಬಾಗಿಲು ಚಿಕ್ಕದಾಗಿ, ಕೊಪ್ಪರಿಗೆ ಹೊರಗೇ ಉಳಿಯಿತು. ಮೊಮ್ಮಕ್ಕಳು ಗುಜರಿಗೆ ಹಾಕೋಣ ಎಂದರು. ಅಜ್ಜಿ ಅವರನ್ನೆಲ್ಲ ಬಯ್ದು, ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ನಮ್ಮಲ್ಲಿಗೆ ತಂದರು. ನನಗೆ ಕಣ್ಣು ತುಂಬಿ ಬಂತು. ಶಾಲು ಹೊದಿಸಿ, ಮುಂದಿನ ಪೀಳಿಗೆ ನಿಮ್ಮನ್ನು ನೆನೆಯುತ್ತದೆ ಎಂದು ನಾಲ್ಕು ಮಾತಾಡಿದೆ.

"ಶಾಲು ಸರಿ ಅಮ್ಮಣ್ಣಿ," ಎಂದರು ಅಜ್ಜಿ. "ಬಾಗ್ಲು ಎಷ್ಟೊತ್ಗೆ ತೆಗೀತೀಯ?"

"ಹತ್ತು ಗಂಟೆಗೆ ಅಜ್ಜಿ."

"ಮದ್ವೆ ಅಡಿಗೆ ಕೋಳಿ ಕೂಗೋ ಹೊತ್ಗೆ ಶುರುವಾಗ್ತದೆ. ಒಂದು ಬೀಗದ ಕೈ ನನ್ಹತ್ರ ಇರ್ಲಿ."

ಆಗ ನನಗೆ ಅರ್ಥವಾಯಿತು. ಅಜ್ಜಿ ಕೊಪ್ಪರಿಗೆ ದಾನ ಮಾಡಿರಲಿಲ್ಲ, ಇಡಲು ಜಾಗ ನೋಡಿಕೊಂಡಿದ್ದರು. ಊರಲ್ಲಿ ಮದುವೆ, ನಾಮಕರಣ, ತಿಥಿ ಏನೇ ಇದ್ದರೂ ಲಗೇಜ್ ಆಟೋ ಬಂದು ನಿಲ್ಲುತ್ತಿತ್ತು. "ಕೊಟ್ಮೇಲೆ ಅದು ಎಲ್ಲರ ಸ್ವತ್ತು ಅಜ್ಜಿ," ಎಂದು ಒಂದು ಸಲ ವಾದ ಮಾಡಿದೆ.

"ಅದನ್ನೇ ಕಣೇ ನಾನೂ ಹೇಳ್ತಿರೋದು. ಎಲ್ಲರ ಸ್ವತ್ತಾದ್ಮೇಲೆ ಎಲ್ಲರೂ ಅಡಿಗೆ ಮಾಡ್ಕೊಳ್ಲಿ," ಎಂದರು.

ಅಲ್ಲಿಂದ ಮುಂದೆ ಸುತ್ತಲಿನ ಹಳ್ಳಿಯವರೆಲ್ಲ ಕೇಳತೊಡಗಿದರು. ನನ್ನನ್ನಲ್ಲ, ಅಜ್ಜಿಯನ್ನು. ಅಜ್ಜಿಯದ್ದು ಎರಡೇ ಕಟ್ಟಳೆ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿರಬೇಕು. ಮತ್ತೆ, ಖಾಲಿ ಬರಬಾರದು. ನಮ್ಮ ಕಡೆ ಪಕ್ಕದ ಮನೆಯ ಪಾತ್ರೆಯನ್ನು ಯಾರೂ ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಇದು ಲೋಟ ಚೊಂಬಿಗೆ ಸರಿ. ಕೊಪ್ಪರಿಗೆಗೆ ಒಂದು ಹಿಡಿ ಸಕ್ಕರೆ ಹಾಕಿದರೆ ಎಲ್ಲಿ ಕಾಣಬೇಕು? ಹಾಗಾಗಿ ಪಾಯಸ ಬರುತ್ತಿತ್ತು, ಬಸ್ಸಾರು ಬರುತ್ತಿತ್ತು. ಟೊಮೆಟೊ ಬೆಲೆ ಬಿದ್ದ ಕಾಲದಲ್ಲಿ ಶ್ರೀನಿವಾಸಪುರದ ಕಡೆಯವರೊಬ್ಬರು ಕಂಠಪೂರ್ತಿ ಟೊಮೆಟೊ ತುಂಬಿ ಕಳಿಸಿದರು. ಮುಂದಿನ ಹಲವು ದಿನ ಮ್ಯೂಸಿಯಂ ನೋಡಲು ಬಂದವರಿಗೆಲ್ಲ ಟಿಕೆಟ್ ಜೊತೆ ಟೊಮೆಟೊ ಕೊಟ್ಟೆವು.

ಕೊಪ್ಪರಿಗೆ ಇಲ್ಲದ ದಿನ ಬಂದವರು ಖಾಲಿ ಕಟ್ಟೆ ನೋಡಿ ಕಳ್ಳತನವಾಗಿದೆ ಎಂದು ಗಾಬರಿಯಾಗುತ್ತಿದ್ದರು. ಅದಕ್ಕೆ ವಾಚ್‌ಮನ್ ಅಣ್ಣ ಒಂದು ರಟ್ಟಿನ ಮೇಲೆ 'ಕೊಪ್ಪರಿಗೆ ಮದುವೆಗೆ ಹೋಗಿದೆ' ಎಂದು ಬರೆದು ಕಟ್ಟೆಯ ಮೇಲೆ ಇಡತೊಡಗಿದರು.

ಹೀಗಿರುವಾಗ ಮುಳಬಾಗಿಲಿನ ಬಿರಿಯಾನಿ ಭಾಯ್ ಬಂದರು. ಸುತ್ತಮುತ್ತ ಸಾಬರ ಮದುವೆಗೆಲ್ಲ ಅವರದ್ದೇ ಅಡುಗೆ. ಈಗ ಅವರ ಮಗಳದ್ದೇ ಮದುವೆ. ಬೇರೆ ಬಾಣಸಿಗರನ್ನು ನಂಬದೆ ತಾವೇ ಒಲೆ ಮುಂದೆ ನಿಲ್ಲುವವರಿದ್ದರು.

"ಅಜ್ಜಿ, ನಿಮ್ಮ ಕೊಪ್ಪರಿಗೆ ಕೊಟ್ರೆ ಮಗಳ ಮದುವೆ ಜೋರಾಗಿ ಆಗ್ತದೆ," ಎಂದರು. ಆಮೇಲೆ ತಾವೇ ಹಿಂದೆಮುಂದೆ ನೋಡಿ, "ಆದ್ರೆ ನಾನು ಬಿರಿಯಾನಿ ಮಾಡೋದು. ಆಮೇಲೆ ದೇವಸ್ಥಾನದ ಅಡಿಗೆಗೆ ಹೋದ್ರೆ ಯಾರಾದ್ರೂ ಏನಾದ್ರೂ ಅಂತಾರೆ," ಎಂದರು.

ಅದು ನನಗೂ ಇದ್ದ ಭಯವೇ. ವಾಚ್‌ಮನ್ ಅಣ್ಣ ಮುಖ ಆ ಕಡೆ ತಿರುಗಿಸಿದರು. ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಕಲಾಯಿ ಹಾಕೋದು ಯಾರು?" ಎಂದರು. ತಾಮ್ರದ ಪಾತ್ರೆಯ ಒಳಗೆ ತವರದ ಬಿಳಿ ಲೇಪ ಕೊಡುವುದನ್ನು ಕಲಾಯಿ ಅನ್ನುತ್ತೇವೆ.

"ನನ್ನ ತಮ್ಮ, ಅಜ್ಜಿ."

"ಮದ್ವೆ ಆದ್ಮೇಲೆ ಹೊಸ ಕಲಾಯಿ ಹಾಕ್ಸಿ ಕೊಡು. ಕಲಾಯಿ ಬಿದ್ಮೇಲೆ ಅದು ಯಾವ ಜಾತಿ, ನೆನ್ನೆ ಏನ್ ಬೆಂದಿತ್ತು ಅಂತ ಕೊಪ್ಪರಿಗೆಗೂ ನೆನಪಿರಲ್ಲ. ಜನಕ್ಕೆ ಯಾಕೆ ಇರ್ಬೇಕು?" ಎಂದ ಅಜ್ಜಿ, ಸ್ವಲ್ಪ ತಡೆದು, "ನನ್ನನ್ನ ಮದ್ವೆಗೆ ಕರೀತೀಯೋ, ಇಲ್ಲ ಕೊಪ್ಪರಿಗೆ ಒಂದನ್ನೇ ಕರ್ಕೊಂಡೋಗ್ತೀಯೋ?" ಎಂದು ಕೇಳಿದರು.

೬. ಸಮಿತಿ ಬಂತು

ಸಮಿತಿ ಮುಂದಿನ ವಾರ ಬರಬೇಕಿತ್ತು. ಭಾಯ್ ಮಗಳ ಮದುವೆಯ ದಿನ ಮಧ್ಯಾಹ್ನದ ಹೊತ್ತಿಗೆ ಸಲಹೆಗಾರರ ಫೋನ್ ಬಂತು. "ಅಧ್ಯಕ್ಷರಿಗೆ ಇವತ್ತೇ ಬಿಡುವಾಯ್ತು ಮೇಡಂ. ಕೋಲಾರ ದಾಟಿದೀವಿ. ಕೊಪ್ಪರಿಗೆ ಚೆನ್ನಾಗಿ ತೊಳ್ಸಿಡಿ. ಅವರಿಗೆ ಮುಖ್ಯವಾಗಿ ಅದನ್ನೇ ನೋಡ್ಬೇಕು."

ಟ್ರಸ್ಟಿನ ಎಲ್ಲ ಪೋಸ್ಟರಿನಲ್ಲೂ ಇರುವುದು ಆ ಕೊಪ್ಪರಿಗೆಯ ಚಿತ್ರವೇ. ಭಾಯ್‌ಗೆ ಫೋನ್ ಮಾಡಿ, ಅರ್ಜೆಂಟಾಗಿ ಕೊಪ್ಪರಿಗೆ ಬೇಕು ಎಂದೆ.

"ದಮ್ ಕೊಟ್ಟಿದೀನಿ ಮೇಡಂ. ಈಗ ಮುಚ್ಚಳ ತೆಗೆದ್ರೆ ನನ್ನ ಬೀಗರ ಮುಂದೆ ನನ್ನ ಮರ್ಯಾದೆ ಹೋಗ್ತದೆ."

"ತೆಗೀದಿದ್ರೆ ನನ್ನ ಮ್ಯೂಸಿಯಂ ಹೋಗುತ್ತೆ ಭಾಯ್."

ಆ ಕಡೆಯ ಬ್ಯಾಂಡಿನ ಸದ್ದಿನಲ್ಲಿ ಫೋನ್ ಕಟ್ಟಾಯಿತು.

ಅಧ್ಯಕ್ಷರು ಬಂದರು. ಖಾದಿ ಸೀರೆಯ, ಒಳ್ಳೇ ಮಾತಿನ ಹೆಂಗಸು. ಜೊತೆಗೆ ಸಮಿತಿಯವರು. ಗಾಬರಿಯಲ್ಲಿ ನಾನು ರಟ್ಟು ತೆಗೆಯುವುದನ್ನೇ ಮರೆತಿದ್ದೆ. ಅವರು ಖಾಲಿ ಕಟ್ಟೆಯ ಮುಂದೆ ನಿಂತು, 'ಕೊಪ್ಪರಿಗೆ ಮದುವೆಗೆ ಹೋಗಿದೆ' ಎಂದು ಜೋರಾಗಿ ಓದಿದರು.

ಸಲಹೆಗಾರರು ನನಗಿಂತ ಬೇಗ ಚೇತರಿಸಿಕೊಂಡರು. "ಇದೊಂದು ಪರಿಕಲ್ಪನೆ ಮೇಡಂ. ಇಲ್ಲದಿರೋದನ್ನ ತೋರಿಸೋದು."

ಸಮಿತಿಯವರು ಗಲ್ಲದ ಮೇಲೆ ಕೈ ಇಟ್ಟುಕೊಂಡು ಖಾಲಿ ಕಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಒಬ್ಬರು ಫೋಟೊ ತೆಗೆದರು. ಇನ್ನೊಬ್ಬರು, "ಬಹಳ ಆಳವಾಗಿದೆ," ಎಂದರು.

ಅಧ್ಯಕ್ಷರು ಮಾತ್ರ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. "ಪರಿಕಲ್ಪನೆ ಸರಿ. ಜನ ಎಲ್ಲಿ?" ಎಂದರು. ಜನ ಎಲ್ಲಿಂದ ಬರಬೇಕು, ಊರಿಗೂರೇ ಭಾಯ್ ಮಗಳ ಮದುವೆಯಲ್ಲಿತ್ತು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು ಮೆತ್ತಗೆ ಹೇಳಿದರು, "ನೀವು ಪ್ರಯತ್ನ ಪಟ್ಟಿದೀರಿ. ಆದ್ರೆ ಇಲ್ಲಿ ಸಂವಾದ ಕಾಣಿಸ್ತಿಲ್ಲ. ಸಾಮಾನೆಲ್ಲ ಬೆಂಗಳೂರಿಗೇ ಹೋಗ್ಲಿ."

ನಾನು ಕಣ್ಣೀರು ತಡೆದುಕೊಂಡು ನೆಲ ನೋಡುತ್ತಿದ್ದೆ. ಹೊರಗೆ ಲಗೇಜ್ ಆಟೋದ ಹಾರನ್ ಕೇಳಿಸಿತು.

ಆಟೋದಲ್ಲಿ ಕೊಪ್ಪರಿಗೆ, ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ರೇಷ್ಮೆ ಸೀರೆ ಉಟ್ಟ ಅಜ್ಜಿ, ಇನ್ನೊಂದು ಪಕ್ಕದಲ್ಲಿ ಶೇರ್ವಾನಿಯ ತೋಳು ಮಡಿಸಿದ ಭಾಯ್. ನಾಲ್ಕು ಜನ ಸೇರಿ ಇಳಿಸಿದರು. "ಬೀಗರ ಪಂಕ್ತಿ ಮುಗಿಸಿ ಹಂಗೇ ಓಡಿ ಬಂದೆ ಮೇಡಂ," ಎಂದರು ಭಾಯ್. "ತೊಳೆಯಕ್ಕೆ ಟೈಮ್ ಇರ್ಲಿಲ್ಲ, ಮಾಫ್ ಮಾಡಿ. ಖಾಲಿ ತರೋ ಹಂಗೂ ಇಲ್ವಲ್ಲ." ಹೀಗೆಂದು ಮುಚ್ಚಳ ತೆಗೆದರು.

ಆ ವಾಸನೆ ಮ್ಯೂಸಿಯಮ್ಮಿನ ತುಂಬ ಹರಡಿತು. ಸಮಿತಿಯವರು ಬೆಳಿಗ್ಗೆ ಹೆದ್ದಾರಿಯಲ್ಲಿ ಕುಡಿದ ಕಾಫಿ ಬಿಟ್ಟರೆ ಏನೂ ತಿಂದಿರಲಿಲ್ಲ. ಆಳವಾಗಿದೆ ಎಂದಿದ್ದವರು ಈಗ ಕೊಪ್ಪರಿಗೆಯ ಆಳ ನೋಡುತ್ತಿದ್ದರು. ವಾಚ್‌ಮನ್ ಅಣ್ಣ ಎಲೆ ಹಾಕಿದರು. ಅಧ್ಯಕ್ಷರು ವೀರಗಲ್ಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಒಳಗೆ ತಿಂಡಿ ತಿನ್ನಬಾರದು ಎಂಬ ನನ್ನದೇ ಬೋರ್ಡನ್ನು ನಾನೇ ಮಗುಚಿ ಇಟ್ಟೆ.

ಊಟದ ನಡುವೆ ಜಗಳ ಹತ್ತಿತು. ಉಪ್ಪು ಒಂದು ಕಲ್ಲು ಕಮ್ಮಿ ಎಂದರು ಅಜ್ಜಿ. ಭಾಯ್ ಉರ್ದುವಿನಲ್ಲಿ ಮೇಲಿನವನನ್ನು ಸಾಕ್ಷಿಗೆ ಕರೆದರು. ರಾಯಲ್ಪಾಡಿನ ಕಡೆ ಖಾರ ಹೇಗೆ ಹಾಕುತ್ತಾರೆ ಎಂದು ವಾಚ್‌ಮನ್ ಅಣ್ಣ ತೆಲುಗಿನಲ್ಲಿ ವಿವರಿಸಿದರು. ನಾನು ಬಿರಿಯಾನಿಗೆ ಪುದೀನ ಜಾಸ್ತಿಯಾಯಿತು ಎಂದೆ, ಅದಕ್ಕೆ ಮೂವರೂ ಒಟ್ಟಾಗಿ ನನ್ನ ಮೇಲೆ ಬಿದ್ದರು. ಸಲಹೆಗಾರರ ಕಣ್ಣು ಒದ್ದೆಯಾಗಿತ್ತು, ಖಾರಕ್ಕೋ ಏನೋ. ಎದ್ದು ನಿಂತು, "ನೋಡಿ ಮೇಡಂ, ಇದೇ ಸಂವಾದ, ನಾನು ಹೇಳ್ತಿದ್ದದ್ದು ಇದನ್ನೇ," ಎಂದು ಅಧ್ಯಕ್ಷರಿಗೆ ಶುರುಮಾಡಿದರು.

"ಯಾರಪ್ಪ ಅದು ಊಟದ ಮಧ್ಯ ಎದ್ದು ಭಾಷಣ ಮಾಡೋದು. ಕೂತ್ಕೊಂಡು ತಿನ್ನು," ಎಂದರು ಅಜ್ಜಿ.

ಕೈ ತೊಳೆದ ಮೇಲೆ ಅಧ್ಯಕ್ಷರು ಅಜ್ಜಿಯ ಹತ್ತಿರ ಬಂದು, "ಅಜ್ಜಿ, ಇಂಥ ಕೊಪ್ಪರಿಗೆ ದೇಶಕ್ಕೇ ಕಾಣ್ಬೇಕು. ಬೆಂಗಳೂರಲ್ಲಿ ದೊಡ್ಡ ಹಾಲ್‌ನಲ್ಲಿ ಇಡ್ತೀವಿ," ಎಂದರು.

ಅಜ್ಜಿ ಕೂಗಾಡುತ್ತಾರೆ ಎಂದುಕೊಂಡೆ. "ಅದಕ್ಕೇನು, ತಗೊಂಡೋಗವ್ವ," ಎಂದುಬಿಟ್ಟರು. "ಶುಕ್ರವಾರ ರಾಯಲ್ಪಾಡಲ್ಲಿ ನಾಮಕರಣ ಅದೆ. ಹಿಂದಿನ ದಿನಾನೇ ತಂದ್ಬಿಡು. ಶನಿವಾರ ತಗೊಂಡೋಗು. ಸೋಮವಾರ ನಮ್ಮೂರಲ್ಲಿ ತಿಥಿ. ತಂದ್ಬಿಡು."

"ಪ್ರತಿ ಸಲ ನಾವೇ ತರ್ಬೇಕಾ?"

"ಇಟ್ಕೊಂಡೋರು ತರ್ಬೇಕು ತಾನೆ. ನೀನು ಇಸ್ಕೊಂಡೋಗ್ತಿರೋದು. ಮತ್ತೆ, ಖಾಲಿ ತರ್ಬೇಡ."

ಅಧ್ಯಕ್ಷರು ಕೊಪ್ಪರಿಗೆಯ ಈ ಅಂಚಿನಿಂದ ಆ ಅಂಚಿನವರೆಗೆ ನೋಡಿದರು. "ಇದರ ತುಂಬಾನಾ?"

"ತುಂಬ ಏನ್ ಬೇಡ ಬಿಡು," ಎಂದರು ಅಜ್ಜಿ ಉದಾರವಾಗಿ. "ದೂರದಿಂದ ಬರ್ತೀಯ. ಅರ್ಧ ತಂದ್ರೂ ಸಾಕು."

ಹೋಗುವಾಗ ಅಧ್ಯಕ್ಷರು ಉಳಿದ ಬಿರಿಯಾನಿಯನ್ನು ಮನೆಯವರಿಗೆ ಅಂತ ಅಜ್ಜಿಯ ಸ್ಟೀಲ್ ಡಬ್ಬಿಯಲ್ಲಿ ಹಾಕಿಸಿಕೊಂಡರು. ಕೆಲವು ದಿನದ ಮೇಲೆ ಫೋನ್ ಬಂತು. ಮ್ಯೂಸಿಯಂ ಮುಳಬಾಗಿಲಿನಲ್ಲೇ ಇರುತ್ತದೆ, ಸಾಮಾನೂ ಇಲ್ಲೇ ಇರುತ್ತದೆ. ಕಾರಣ ಕೇಳಿದೆ. ಸಾಗಾಣಿಕೆಯ ತೊಂದರೆ ಎಂದರು. ನಾನು ಕುಣಿದಾಡಿ ವಾಚ್‌ಮನ್ ಅಣ್ಣನಿಗೆ ಹೇಳಿದರೆ ಅವರು ತೆಲುಗು, ಕನ್ನಡ ಎರಡನ್ನೂ ಬಿಟ್ಟು ಸುಮ್ಮನೆ ಅತ್ತರು.

೭. ಡಬ್ಬಿ

ಅಜ್ಜಿಗೆ ಓಡಿಹೋಗಿ ಸುದ್ದಿ ಹೇಳಿದೆ. "ಒಳ್ಳೇದಾಯ್ತು. ನನ್ನ ಡಬ್ಬಿ ಎಲ್ಲಿ?" ಎಂದರು.

ಅಲ್ಲಿಂದ ಅದೊಂದೇ ಮಾತು. ಕೊಪ್ಪರಿಗೆ ತಗೊಳ್ಳಲು ಬಂದಾಗ ಡಬ್ಬಿ, ಬಿಡಲು ಬಂದಾಗ ಡಬ್ಬಿ. "ಅಷ್ಟು ದೊಡ್ಡ ಮನ್ಸೆ, ಬಿರಿಯಾನಿ ಹಾಕ್ಸ್ಕೊಂಡು ಹೋದೋಳು," ಎಂದು ಶುರುವಾದರೆ ನನಗೆ ಬೆಂಗಳೂರಿನ ಪರವಾಗಿ ನಾಚಿಕೆಯಾಗುತ್ತಿತ್ತು. ಕೊನೆಗೆ ನಾನೇ ಸಲಹೆಗಾರರಿಗೆ ಫೋನ್ ಮಾಡಿ, ಸಂವಾದ ಉಳಿಯಬೇಕಾದರೆ ಡಬ್ಬಿ ಬರಬೇಕು ಎಂದೆ.

ಅವರು ತಾವೇ ತಂದರು. ಈ ಸಲ ಸಾಕ್ಸ್ ಹಾಕಿದ್ದರು. ಅಧ್ಯಕ್ಷರು ಖುದ್ದಾಗಿ ಕಳಿಸಿದ್ದಾರೆ ಎಂದು ಎರಡೂ ಕೈಯಲ್ಲಿ ಡಬ್ಬಿ ಅಜ್ಜಿಗೆ ಕೊಟ್ಟರು. ಭಾಯ್ ಕೂಡ ಬಂದಿದ್ದರು. ಡಬ್ಬಿ ಅಲುಗಿಸಿದಾಗ ಒಳಗೆ ಏನೋ ಸದ್ದಾಯಿತು. ಅಜ್ಜಿಯ ಮುಖ ಸಡಿಲವಾಯಿತು. ಮೈಸೂರು ಪಾಕ್ ಇರಬೇಕು ಎಂದು ವಾಚ್‌ಮನ್ ಅಣ್ಣ ಹತ್ತಿರ ಬಂದರು.

ಮುಚ್ಚಳ ತೆಗೆದರೆ ಸುರುಳಿ ಸುತ್ತಿದ ದಪ್ಪ ಹೊಳೆಯುವ ಕಾಗದ. ನಾನು ಬಿಡಿಸಿ ಓದಿದೆ. ಅಂತರ್‌ಸಾಂಸ್ಕೃತಿಕ ಸಂವಾದಕ್ಕೆ ಅಜ್ಜಿಯವರು ನೀಡಿದ ಅಮೂಲ್ಯ ಕೊಡುಗೆಯನ್ನು ಮೆಚ್ಚಿ ಕೊಟ್ಟ ಪ್ರಶಸ್ತಿ ಪತ್ರ. ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿ ಡಬ್ಬಿಯ ತಳ ನೋಡಿದರು. ಡಬ್ಬಿ ಬೋರಲು ಹಾಕಿ ತಟ್ಟಿದರು.

"ಇಷ್ಟೇನಾ?"

"ಇದು ದೊಡ್ಡ ಗೌರವ ಅಜ್ಜಿ," ಎಂದರು ಸಲಹೆಗಾರರು.

"ಮುದ್ದೆಗೆ ನೆಂಚ್ಕೊಳ್ಳೋಕಾಗ್ತದಾ?"

ಅಜ್ಜಿ ಭಾಯ್ ಕಡೆ ನೋಡಿದರು. ಭಾಯ್ ತಲೆ ಅಲ್ಲಾಡಿಸುತ್ತಾ, "ಹೋಗ್ಲಿ ಬಿಡಿ ಅಜ್ಜಿ. ಅವರ ಕಡೆ ಪದ್ಧತಿ ಹಂಗಿರಬೇಕು," ಎಂದು ಸಮಾಧಾನ ಹೇಳಿದರು.

"ಇರ್ಬೋದು. ಹಂಗಾದ್ರೆ ಇದನ್ನೂ ಇಲ್ಲೇ ಇಟ್ಕೋ ಅಮ್ಮಣ್ಣಿ," ಎಂದು ಅಜ್ಜಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ಬೇರೆ ಕಡೆಯ ಜನ ಹೆಂಗಿರ್ತಾರೆ ಅಂತ ತೋರ್ಸೋದೇ ಅಲ್ವಾ ನಿನ್ನ ಕೆಲ್ಸ. ನೋಡ್ಲಿ ಎಲ್ಲರೂ."

ಇಟ್ಟಿದ್ದೇನೆ. ಗಾಜಿನ ಪೆಟ್ಟಿಗೆ ಅಜ್ಜಿಗೆ ಇಷ್ಟವಿಲ್ಲ, ಹಾಗಾಗಿ ಕನ್ನಡಿಯ ಪಕ್ಕ ಒಂದು ಸ್ಟೂಲಿನ ಮೇಲೆ, ಮುಚ್ಚಳ ತೆಗೆದೇ ಇಟ್ಟಿದ್ದೇನೆ. ವಾಚ್‌ಮನ್ ಅಣ್ಣ ತಮ್ಮ ಕೈಯಾರೆ ರಟ್ಟಿನ ಮೇಲೆ ಬರೆದರು: 'ಬೆಂಗಳೂರಿನವರು ವಾಪಸ್ ಕೊಟ್ಟ ಡಬ್ಬಿ. ಒಳಗೆ ಏನೂ ಇಲ್ಲ.' ನಮ್ಮ ಹಳ್ಳಿಗಳವರು ಓದಿ, ಒಳಗೆ ಇಣುಕಿ, ನಾಲಿಗೆ ಲೊಚಗುಟ್ಟಿಕೊಂಡು ಮುಂದೆ ಹೋಗುತ್ತಾರೆ.

ಬೆಂಗಳೂರಿನವರು ಹಾಗೆ ಹೋಗುವುದಿಲ್ಲ. ಮೊನ್ನೆ ಒಬ್ಬರು ಓದಿ, ಇಣುಕಿ, ಮತ್ತೊಮ್ಮೆ ಓದಿ, ಪಕ್ಕದ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಅತ್ತಿತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಬ್ಯಾಗಿನಿಂದ ಒಂದು ಬಿಸ್ಕತ್ ಪ್ಯಾಕೆಟ್ ತೆಗೆದು ಡಬ್ಬಿಯಲ್ಲಿ ಇಟ್ಟು ಸರಸರ ಹೊರಟುಹೋದರು. ಅವರೊಬ್ಬರೇ ಅಲ್ಲ, ಈಗ ಹೀಗೆ ಮಾಡುವವರು ದಿನಾ ಒಬ್ಬಿಬ್ಬರು ಇರುತ್ತಾರೆ. ಸಂಜೆ ಬಾಗಿಲು ಹಾಕುವ ಮುಂಚೆ ವಾಚ್‌ಮನ್ ಅಣ್ಣ ಡಬ್ಬಿ ಖಾಲಿ ಮಾಡಿ, ರಟ್ಟಿನ ಮೇಲೆ ಬರೆದದ್ದು ಸುಳ್ಳಾಗದಂತೆ ನೋಡಿಕೊಳ್ಳುತ್ತಾರೆ. ನಮಗೆ ಟೀ ಜೊತೆ ಬಿಸ್ಕತ್ ಕೊಳ್ಳುವ ಕಷ್ಟ ತಪ್ಪಿದೆ.